ಹಾಲಿನೊಳಗಿನ ಏಳು ಮಣಿ: ಎ2 ಚೀಟಿಯೂ ಪೆಪ್ಟೈಡ್ ವಿಜ್ಞಾನವೂ

'ಎ2 ತುಪ್ಪ' ಎಂದು ದೊಡ್ಡ ಅಕ್ಷರದಲ್ಲಿ ಅಚ್ಚಾದ ಬಾಟಲಿಯನ್ನು ಹಿಂದಕ್ಕೆ ತಿರುಗಿಸಿ ಪೋಷಕಾಂಶದ ಪಟ್ಟಿ ಓದಿ. ನೂರು ಗ್ರಾಮಿನಲ್ಲಿ ಕೊಬ್ಬೇ 99 ಗ್ರಾಂ ದಾಟಿರುತ್ತದೆ, ಪ್ರೋಟೀನಿನ ಎದುರು ಸೊನ್ನೆ ಇರುತ್ತದೆ. ಎ1, ಎ2 ಎಂಬುವು ಹಾಲಿನ ಒಂದು ಪ್ರೋಟೀನಿನ ಎರಡು ರೂಪಗಳ ಹೆಸರು. ಬೆಣ್ಣೆ ಕಾಯಿಸುವಾಗ ಆ ಪ್ರೋಟೀನು ಕೆಂಪಗಾಗಿ ಪಾತ್ರೆಯ ತಳ ಸೇರುತ್ತದೆ, ಸೋಸಿದರೆ ಗಸಿಯ ಜೊತೆಗೇ ಹೊರಗೆ ಹೋಗುತ್ತದೆ. ಬಾಟಲಿಗೆ ಇಳಿಯುವುದು ಕೊಬ್ಬು. ನಾಟಿ ಹಸುವಿನ ತುಪ್ಪ ಎಂದರೆ ಅದಕ್ಕೊಂದು ಅರ್ಥವಿದೆ. ಎ2 ತುಪ್ಪ ಎಂದರೆ ಅರ್ಥವಿಲ್ಲ.

2024ರ ಆಗಸ್ಟ್ 21ರಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ ಒಂದು ಸಲಹಾ ಪತ್ರ ಹೊರಡಿಸಿತು. ಹಾಲು ಮತ್ತು ಹಾಲಿನ ಪದಾರ್ಥಗಳ ಪ್ಯಾಕೆಟ್ಟಿನಿಂದ ಎ1, ಎ2 ಎಂಬ ಮಾತು ತೆಗೆಯಿರಿ, ಈಗಾಗಲೇ ಅಚ್ಚು ಹಾಕಿಸಿದ ಚೀಟಿಗಳನ್ನು ಆರು ತಿಂಗಳೊಳಗೆ ಮುಗಿಸಿ ಎಂದು ಅದರಲ್ಲಿತ್ತು. 2011ರ ಆಹಾರ ಗುಣಮಟ್ಟದ ನಿಯಮಗಳಲ್ಲಿ ಹಾಲನ್ನು ಹೀಗೆ ಎರಡಾಗಿ ವಿಂಗಡಿಸಿಲ್ಲ ಎಂಬುದು ಕಾರಣ. ಐದೇ ದಿನಕ್ಕೆ, ಆಗಸ್ಟ್ 26ರಂದು, ಇನ್ನಷ್ಟು ಸಮಾಲೋಚನೆ ಬೇಕೆಂದು ಆ ಪತ್ರವನ್ನು ಹಿಂದಕ್ಕೆ ಪಡೆಯಿತು. ಒಂದು ಕಡೆ ನಾಟಿ ತಳಿ ಸಾಕುವವರ ಹೊಟ್ಟೆಪಾಡು, ಇನ್ನೊಂದು ಕಡೆ ದುಪ್ಪಟ್ಟು ಬೆಲೆ ತೆರುವ ಗ್ರಾಹಕರು. ಗಲಾಟೆಯಲ್ಲಿ ಹಾಲಿನೊಳಗೆ ನಿಜಕ್ಕೂ ಏನು ನಡೆಯುತ್ತದೆ ಎಂಬ ಪ್ರಶ್ನೆ ಹಿಂದೆ ಸರಿಯಿತು. ಅದಕ್ಕೆ ಉತ್ತರ ಬೇಕಾದರೆ ಆಹಾರ ವಿಜ್ಞಾನಿಗಳು ನಾಲ್ಕು ದಶಕದಿಂದ ಬೆನ್ನು ಹತ್ತಿರುವ ಜೈವಿಕ ಚಟುವಟಿಕೆಯ ಪೆಪ್ಟೈಡುಗಳ, ಅಂದರೆ ದೇಹದ ಮೇಲೆ ಪರಿಣಾಮ ಬೀರುವ ಪ್ರೋಟೀನು ತುಂಡುಗಳ, ಬಳಿಗೇ ಹೋಗಬೇಕು.

ಒಂದು ಲೀಟರ್ ಹಸುವಿನ ಹಾಲಿನಲ್ಲಿ ಸುಮಾರು 32ರಿಂದ 35 ಗ್ರಾಂ ಪ್ರೋಟೀನು ಇರುತ್ತದೆ. ಅದರಲ್ಲಿ ನೂರಕ್ಕೆ 80 ಭಾಗ ಕೇಸೀನ್. ಹಾಲು ಹುಳಿಯಾದಾಗ ಗಟ್ಟಿಯಾಗಿ ಕೂರುವುದು ಇದೇ. ಉಳಿದ 20 ಭಾಗ ಹಾಲು ಒಡೆದಾಗ ತಿಳಿನೀರಿನಲ್ಲಿ ಉಳಿಯುವ ಪ್ರೋಟೀನು, ಜಿಮ್‌ಗೆ ಹೋಗುವವರ ಬಾಯಲ್ಲಿ 'ವೇ'. ಕೇಸೀನಿನಲ್ಲಿ ನಾಲ್ಕು ಬಗೆ: ಆಲ್ಫಾ ಎಸ್1, ಆಲ್ಫಾ ಎಸ್2, ಬೀಟಾ, ಕಪ್ಪಾ. ಬೀಟಾ ಕೇಸೀನ್ ಲೀಟರಿಗೆ 9 ಗ್ರಾಂ ಆಸುಪಾಸು.

ಬೀಟಾ ಕೇಸೀನ್ ಎಂದರೆ 209 ಅಮೈನೋ ಆಮ್ಲಗಳನ್ನು ಪೋಣಿಸಿದ ಸರ. ಸರದ 67ನೇ ಮಣಿ ಎ2 ರೂಪದಲ್ಲಿ ಪ್ರೋಲೀನ್, ಎ1 ರೂಪದಲ್ಲಿ ಹಿಸ್ಟಿಡೀನ್. ಜೀನಿನಲ್ಲಿ ಇದು ಒಂದೇ ಅಕ್ಷರದ ಬದಲಾವಣೆ, ಸಿಸಿಟಿ ಇದ್ದದ್ದು ಸಿಎಟಿ ಆಗಿದೆ. ಉಳಿದ 208 ಮಣಿಗಳಲ್ಲಿ ಎರಡಕ್ಕೂ ವ್ಯತ್ಯಾಸವಿಲ್ಲ. ಲ್ಯಾಕ್ಟೋಸ್, ಕೊಬ್ಬು, ಕ್ಯಾಲ್ಸಿಯಂ ಇವಕ್ಕೂ ಈ ಜೀನಿಗೂ ಸಂಬಂಧವಿಲ್ಲ.

ಒಂದು ಮಣಿಗೆ ಇಷ್ಟು ಮಹತ್ವ ಬಂದದ್ದು ಪ್ರೋಲೀನಿನ ಆಕಾರದಿಂದ. ಅದರ ಉಂಗುರದಂಥ ರಚನೆಯಿಂದಾಗಿ ಜೀರ್ಣರಸದ ಕಿಣ್ವಗಳಿಗೆ ಅದರ ಪಕ್ಕದ ಕೊಂಡಿ ಸುಲಭವಾಗಿ ಬಾಯಿಗೆ ಸಿಕ್ಕುವುದಿಲ್ಲ. ಹಿಸ್ಟಿಡೀನ್ ಇದ್ದರೆ 66 ಮತ್ತು 67ರ ನಡುವಿನ ಕೊಂಡಿ ಕಳಚುತ್ತದೆ. ಆಗ 60ರಿಂದ 66ರವರೆಗಿನ ಏಳು ಮಣಿಯ ತುಂಡು ಬಿಡುಗಡೆಯಾಗುತ್ತದೆ: ಟೈರೋಸೀನ್, ಪ್ರೋಲೀನ್, ಫಿನೈಲ್ ಅಲನೀನ್, ಪ್ರೋಲೀನ್, ಗ್ಲೈಸೀನ್, ಪ್ರೋಲೀನ್, ಐಸೋಲ್ಯೂಸೀನ್. ಹೆಸರು ಬೀಟಾ ಕ್ಯಾಸೋಮಾರ್ಫಿನ್-7, ಚಿಕ್ಕದಾಗಿ ಬಿಸಿಎಂ-7. 1979ರಲ್ಲಿ ಜರ್ಮನಿಯ ಬ್ರಾಂಟ್ಲ್, ಟೆಶೆಮಾಕರ್ ಮತ್ತು ಸಂಗಡಿಗರು ಕೇಸೀನನ್ನು ಒಡೆದ ದ್ರವದಲ್ಲಿ ಇಂಥ ತುಂಡುಗಳನ್ನು ಕಂಡರು. ಗಿನಿಯಿಲಿಯ ಕರುಳಿನ ಸ್ನಾಯುವಿನ ಮೇಲೆ ಅವು ಅಫೀಮಿನ ಮದ್ದುಗಳ ರೀತಿಯಲ್ಲೇ ವರ್ತಿಸಿದವು. ಹೆಸರಿನಲ್ಲಿ 'ಮಾರ್ಫಿನ್' ಬಂದದ್ದು ಅಲ್ಲಿಂದ. ಆದರೆ ಮಾರ್ಫಿನ್ ಹಿಡಿಯುವ ಜಾಗವನ್ನೇ ಹಿಡಿದರೂ ಬಿಸಿಎಂ-7ರ ಹಿಡಿತ ಅದಕ್ಕಿಂತ ಬಹಳ ದುರ್ಬಲ.

ಪೆಪ್ಟೈಡ್ ಯಾವುದೇ ಇರಲಿ, ಅದರ ಬಗ್ಗೆ ಕೇಳಬೇಕಾದ ಪ್ರಶ್ನೆಗಳು ಮೂರು. ಹೊಟ್ಟೆಯಲ್ಲಿ ಅದು ಹುಟ್ಟುತ್ತದೆಯೇ? ಹುಟ್ಟಿದ ಮೇಲೆ ಉಳಿಯುತ್ತದೆಯೇ? ಉಳಿದದ್ದು ಕೆಲಸ ನಡೆಯುವ ಜಾಗಕ್ಕೆ ಸಾಕಷ್ಟು ಪ್ರಮಾಣದಲ್ಲಿ ತಲುಪುತ್ತದೆಯೇ? ಎ1 ಹಾಲಿನ ಬಗ್ಗೆ ಹುಟ್ಟಿಸಿದ ಭಯ, ಹಾಲಿನ ಪೆಪ್ಟೈಡಿನಿಂದ ಬಿಪಿ ಇಳಿಯುತ್ತದೆ ಎಂಬ ಆಸೆ, ಎರಡೂ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕ ಕೂಡಲೇ ಉಳಿದೆರಡನ್ನು ಮರೆತದ್ದರಿಂದ ಬೆಳೆದವು.

ಬಿಸಿಎಂ-7ಕ್ಕೆ ಲೆಕ್ಕ ಹಾಕೋಣ. ಬೀಟಾ ಕೇಸೀನಿನ ಅಣುತೂಕ ಸುಮಾರು 24,000, ಬಿಸಿಎಂ-7ರದು 790. ಶುದ್ಧ ಎ1 ಹಾಲಿನ ಒಂದು ಲೀಟರಿನಲ್ಲಿರುವ 9 ಗ್ರಾಂ ಬೀಟಾ ಕೇಸೀನಿನ ಪ್ರತಿಯೊಂದು ಅಣುವೂ ಸರಿಯಾಗಿ ಅದೇ ಎರಡು ಜಾಗದಲ್ಲಿ ತುಂಡಾದರೆ ಸಿಗುವುದು 300 ಮಿಲಿಗ್ರಾಂ. 200 ಮಿಲಿಯ ಲೋಟಕ್ಕೆ 60 ಮಿಲಿಗ್ರಾಂ. ಇದು ಕಾಗದದ ಮೇಲಿನ ಗರಿಷ್ಠ ಮಿತಿ. ಜಠರದ ಪೆಪ್ಸಿನ್, ಕರುಳಿನ ಟ್ರಿಪ್ಸಿನ್, ಕೈಮೋಟ್ರಿಪ್ಸಿನ್, ಇಲಾಸ್ಟೇಸ್ ಸರವನ್ನು ಬೇರೆ ಬೇರೆ ಕಡೆ ಕತ್ತರಿಸುತ್ತ ಹೋಗುವುದರಿಂದ ನಿಜದಲ್ಲಿ ಸಿಗುವುದು ಇದರ ಒಂದು ಚಿಕ್ಕ ಪಾಲು.

ಹುಟ್ಟಿದ ಆ ಪಾಲಿಗೂ ಕರುಳಿನ ಗೋಡೆಯಲ್ಲೇ ಕತ್ತರಿ ಕಾದಿದೆ. ಡೈಪೆಪ್ಟಿಡೈಲ್ ಪೆಪ್ಟಿಡೇಸ್-4 ಎಂಬ ಕಿಣ್ವದ ಕೆಲಸ ಬಹಳ ನಿರ್ದಿಷ್ಟ: ಸರದ ತುದಿಯಿಂದ ಎರಡನೇ ಮಣಿ ಪ್ರೋಲೀನ್ ಆಗಿದ್ದರೆ ಮೊದಲ ಎರಡನ್ನು ಒಟ್ಟಿಗೆ ಕಿತ್ತುಹಾಕುವುದು. ಬಿಸಿಎಂ-7ರಲ್ಲಿ ಎರಡನೆಯದು ಪ್ರೋಲೀನ್, ನಾಲ್ಕನೆಯದು ಪ್ರೋಲೀನ್, ಆರನೆಯದೂ ಪ್ರೋಲೀನ್. ಈ ಕಿಣ್ವಕ್ಕೆಂದೇ ಹೆಣೆದಿಟ್ಟ ಹಾಗೆ. ಟೈರೋಸೀನ್–ಪ್ರೋಲೀನ್ ಜೋಡಿ ಹೋಗುತ್ತದೆ, ಬಳಿಕ ಫಿನೈಲ್ ಅಲನೀನ್–ಪ್ರೋಲೀನ್, ಬಳಿಕ ಗ್ಲೈಸೀನ್–ಪ್ರೋಲೀನ್, ಕೊನೆಗೆ ಐಸೋಲ್ಯೂಸೀನ್ ಒಂಟಿಯಾಗಿ ಉಳಿಯುತ್ತದೆ. ತುದಿಯ ಟೈರೋಸೀನ್ ಹೋದರೆ ಅಫೀಮಿನ ಗುಣವೂ ಹೋಯಿತು. ಸಕ್ಕರೆ ಕಾಯಿಲೆಯವರು ನುಂಗುವ 'ಗ್ಲಿಪ್ಟಿನ್' ಮಾತ್ರೆಗಳು ತಡೆಹಿಡಿಯುವುದು ಇದೇ ಕಿಣ್ವವನ್ನು. ಅದು ಕರುಳಿನಲ್ಲೂ ಇದೆ, ರಕ್ತದಲ್ಲೂ ಇದೆ.

ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2009ರಲ್ಲಿ ಆವರೆಗಿನ ಅಧ್ಯಯನಗಳನ್ನೆಲ್ಲ ಪರಿಶೀಲಿಸಿತು. ಬಿಸಿಎಂ-7 ಇರುವ ಆಹಾರಕ್ಕೂ ಸಕ್ಕರೆ ಕಾಯಿಲೆ, ಹೃದಯರೋಗ, ಆಟಿಸಂ ಇವುಗಳಿಗೂ ಕಾರಣ–ಪರಿಣಾಮದ ನಂಟು ಸಾಬೀತಾಗಿಲ್ಲ ಎಂದು ವರದಿ ಕೊಟ್ಟಿತು. ಆಮೇಲೆ ಚೀನಾದಲ್ಲಿ 45 ಜನರ ಮೇಲೊಂದು, 600 ಜನರ ಮೇಲೊಂದು ಪರೀಕ್ಷೆ ನಡೆದು 2016, 2017ರಲ್ಲಿ ಪ್ರಕಟವಾದವು. ಎ2 ಹಾಲು ಕುಡಿದವರಿಗೆ ಹೊಟ್ಟೆ ಉಬ್ಬರ, ಭೇದಿಯಂಥ ತೊಂದರೆ ಕಡಿಮೆ ಕಂಡಿತು. ಎರಡಕ್ಕೂ ಹಣ ಕೊಟ್ಟದ್ದು ನ್ಯೂಜಿಲೆಂಡ್ ಮೂಲದ ಎ2 ಹಾಲಿನ ಕಂಪನಿ. ಅಷ್ಟರಿಂದಲೇ ಫಲಿತಾಂಶ ಸುಳ್ಳಾಗುವುದಿಲ್ಲ. ಕೆಲವರಿಗೆ ಹೊಟ್ಟೆ ಹಗುರವೆನಿಸಬಹುದು ಎಂಬಷ್ಟನ್ನು ಒಪ್ಪಬಹುದು. ಆಟಿಸಂ ಗುಣವಾಗುತ್ತದೆ, ಸಕ್ಕರೆ ಕಾಯಿಲೆ ಬರುವುದಿಲ್ಲ ಎಂದು ಹೇಳಿ ಹಾಲು ಮಾರುವುದನ್ನು ಒಪ್ಪಲಾಗದು. ಮಗುವಿನ ಚಿಂತೆಯಲ್ಲಿರುವ ತಂದೆತಾಯಿಯ ಜೇಬಿಗೆ ಕೈ ಹಾಕುವ ಮಾತು ಅದು.

ಇಲ್ಲಿ ಆಗುವ ಎರಡು ಅಪಾಯಕಾರಿ ತಪ್ಪುಗಳನ್ನು ಬಿಡಿಸಿ ಹೇಳಬೇಕು. ಹಾಲು ಕುಡಿದರೆ ಹೊಟ್ಟೆ ಕೆಡುವ ಬಹುಪಾಲು ವಯಸ್ಕರಿಗೆ ಸಮಸ್ಯೆ ಲ್ಯಾಕ್ಟೋಸ್. ಎ2 ಹಾಲಿನಲ್ಲೂ ಅದು ನೂರಕ್ಕೆ ನಾಲ್ಕೂಮುಕ್ಕಾಲು ಭಾಗ ಇದ್ದೇ ಇದೆ. ಅವರಿಗೆ ಮೊಸರು, ಮಜ್ಜಿಗೆ ಅಥವಾ ಲ್ಯಾಕ್ಟೋಸ್ ತೆಗೆದ ಹಾಲು ಹೊಂದುತ್ತದೆ. ಇನ್ನು ಹಾಲಿನ ಅಲರ್ಜಿ ಇರುವ ಮಗು. ಅದರ ದೇಹ ಕೇಸೀನನ್ನೋ ತಿಳಿನೀರಿನ ಪ್ರೋಟೀನಾದ ಬೀಟಾ ಲ್ಯಾಕ್ಟೋಗ್ಲಾಬ್ಯುಲಿನನ್ನೋ ಶತ್ರು ಎಂದು ತಿಳಿದಿದೆ. 209ರಲ್ಲಿ ಒಂದು ಮಣಿ ಬದಲಾದ ಮಾತ್ರಕ್ಕೆ ಆ ಶತ್ರುತ್ವ ಹೋಗದು. ಎ2 ಹಾಲು ಕುಡಿಸಿ ನೋಡೋಣ ಎಂದರೆ ಮೈತುಂಬ ದದ್ದು, ಉಸಿರಾಟದ ತೊಂದರೆಯವರೆಗೂ ಹೋಗಬಹುದು.

ಕೊಟ್ಟಿಗೆಯ ಲೆಕ್ಕ

ಕರ್ನಾಲದ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಕೇಂದ್ರದ ವಿಜ್ಞಾನಿಗಳು 15 ನಾಟಿ ತಳಿಗಳ 618 ದನ, 8 ತಳಿಗಳ 231 ಎಮ್ಮೆಗಳ ಜೀನು ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದರು. ಎಮ್ಮೆಗಳಲ್ಲಿ ಎಲ್ಲವೂ ಎ2. ನಾಟಿ ದನಗಳಲ್ಲಿ ಎ2ರ ಪ್ರಮಾಣ ನೂರಕ್ಕೆ 98.7. ಎ1 ಕಂಡ ಎರಡೇ ತಳಿಗಳಲ್ಲಿ ಒಂದು ನಮ್ಮ ಮಲೆನಾಡು ಗಿಡ್ಡ, ಅದರಲ್ಲೂ ಕೆಲವೇ ದನಗಳಲ್ಲಿ. ಹಾಗಾಗಿ 'ನಾಟಿ ಎಂದರೆ ಎ2' ಎಂಬುದು ಹೆಚ್ಚೂಕಡಿಮೆ ನಿಜ, ಪೂರ್ತಿ ನಿಜವಲ್ಲ. 'ಎಚ್‌ಎಫ್ ಎಂದರೆ ಎ1' ಎಂಬುದಂತೂ ತಪ್ಪು. ವಿದೇಶಿ ತಳಿಗಳಾದ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್), ಜರ್ಸಿ ಎರಡರಲ್ಲೂ ಎರಡೂ ರೂಪಗಳು ಧಾರಾಳವಾಗಿವೆ. ತಂದೆ, ತಾಯಿಯಿಂದ ಬಂದ ಜೀನಿನ ಎರಡೂ ಪ್ರತಿ ಎ2 ಇರುವ ಎಚ್‌ಎಫ್ ಹಸುಗಳು ಬೇಕಾದಷ್ಟಿವೆ. ಇನ್ನು ಎಮ್ಮೆ ಹಾಲು ಕುಡಿಯುವ ಮನೆಯವರು ಹೆಚ್ಚು ಕಾಸು ಕೊಡದೆ ಎ2 ಹಾಲನ್ನೇ ಕುಡಿಯುತ್ತ ಬಂದಿದ್ದಾರೆ.

ಎ2 ಎಂದು ಹೇಳಿ ಹಾಲು ಮಾರಬೇಕೆಂದಿರುವ ರೈತರು ತಳಿಯ ಹೆಸರನ್ನು ನಂಬಿ ಕೂರದೆ ಒಂದೊಂದು ಹಸುವಿನ ಜೀನು ಪರೀಕ್ಷೆ ಮಾಡಿಸಬೇಕು. ಬಾಲದ ಕುಚ್ಚಿನಿಂದ ಇಪ್ಪತ್ತು–ಮೂವತ್ತು ಕೂದಲನ್ನು ಬುಡಸಮೇತ ಕೀಳಬೇಕು. ಬುಡದಲ್ಲಿ ಬಿಳಿಯ ಪುಟ್ಟ ಗಂಟು ಕಾಣಬೇಕು, ಪರೀಕ್ಷೆಗೆ ಬೇಕಾದ ಡಿಎನ್‌ಎ ಇರುವುದು ಅದರಲ್ಲಿ. ಕತ್ತರಿಯಿಂದ ಕತ್ತರಿಸಿ ಕಳಿಸಿದ ಕೂದಲು ಕೆಲಸಕ್ಕೆ ಬಾರದು. ಒಣಗಿದ ಕಾಗದದ ಲಕೋಟೆಯಲ್ಲಿ ಹಾಕಿ ಹಸುವಿನ ಕಿವಿ ಓಲೆಯ ಸಂಖ್ಯೆ ಬರೆಯಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಬೆವರಿ ಬೂಸ್ಟು ಹಿಡಿಯುತ್ತದೆ. ಹತ್ತು ಹಸುಗಳಲ್ಲಿ ಒಂದರಲ್ಲಿ ಎ1, ಎ2 ಒಂದೊಂದು ಪ್ರತಿ ಇದ್ದು, ಎಲ್ಲವೂ ಸಮನಾಗಿ ಹಾಲು ಕೊಟ್ಟರೆ ಕ್ಯಾನಿನಲ್ಲಿ ಬೀಟಾ ಕೇಸೀನಿನ ನೂರಕ್ಕೆ ಐದು ಭಾಗ ಎ1. ಕೃತಕ ಗರ್ಭಧಾರಣೆಗೆ ವೀರ್ಯದ ಕಡ್ಡಿ ಆರಿಸುವಾಗ ಹೋರಿಯ ಬೀಟಾ ಕೇಸೀನ್ ಜೀನು ಯಾವುದೆಂದು ಕೇಳಿ. ಎರಡೂ ಎ2 ಇರುವ ಹಸುವಿಗೆ ಮಿಶ್ರ (ಎ1, ಎ2 ಒಂದೊಂದಿರುವ) ಹೋರಿಯ ಕಡ್ಡಿ ಬಿದ್ದರೆ ಹುಟ್ಟುವ ಕರುಗಳಲ್ಲಿ ಸರಾಸರಿ ಅರ್ಧ ಮಿಶ್ರವಾಗುತ್ತವೆ.

ಹಳ್ಳೀಕಾರ್, ಅಮೃತಮಹಲ್, ಗಿಡ್ಡ ತಳಿಗಳನ್ನು ಉಳಿಸಲು ಕಾರಣಗಳು ಬೇರೆಯೇ ಸಾಕಷ್ಟಿವೆ: ಬಿಸಿಲು ತಡೆಯುವ ಶಕ್ತಿ, ಉಣ್ಣಿ–ನುಸಿಗೆ ಬಗ್ಗದ ಚರ್ಮ, ಒಣಮೇವಿನಲ್ಲೇ ಬದುಕುವ ಗುಣ. ಆ ತಳಿಗಳ ಭವಿಷ್ಯವನ್ನು ಒಂದೇ ಮಣಿಗೆ ಕಟ್ಟಿಹಾಕುವುದು ಅವಕ್ಕೆ ಮಾಡುವ ಉಪಕಾರವಲ್ಲ. ಮುಂದೆ ಎಚ್‌ಎಫ್ ಹಸುಗಳನ್ನೇ ಜೀನು ನೋಡಿ ಎ2 ಮಾಡಿಬಿಟ್ಟರೆ ನಾಟಿ ಹಾಲಿಗಿದ್ದ ಈ ಬೆಲೆ ಒಂದೇ ದಿನಕ್ಕೆ ಕರಗುತ್ತದೆ.

ಬೀಕರಿನಿಂದ ಬಿಪಿಯವರೆಗೆ

ಈಗ ಹಾಲಿನ ಪೆಪ್ಟೈಡಿನ ಒಳ್ಳೆಯ ಸುದ್ದಿ ಎಂದು ಪತ್ರಿಕೆಗಳಲ್ಲಿ ಬರುವುದರ ಕಡೆಗೆ. ಕೇಸೀನಿನಿಂದ ಬಿಪಿ ಇಳಿಸುವ, ಉತ್ಕರ್ಷಣ ತಡೆಯುವ ಪೆಪ್ಟೈಡ್ ತಯಾರಾಯಿತು ಎಂಬ ವರದಿಯ ಹಿಂದೆ ಪ್ರಯೋಗಶಾಲೆಯಲ್ಲಿ ಏನು ನಡೆದಿರುತ್ತದೆ ಎಂಬುದನ್ನು ಹತ್ತಿರದಿಂದ ನೋಡಿದರೆ ಆ ಸುದ್ದಿಯ ತೂಕ ತಿಳಿಯುತ್ತದೆ.

50 ಗ್ರಾಂ ಪ್ರೋಟೀನಿನಷ್ಟು ಸೋಡಿಯಂ ಕೇಸಿನೇಟನ್ನು (ನೀರಿನಲ್ಲಿ ಕರಗುವ ರೂಪದ ಕೇಸೀನ್ ಪುಡಿ) ಒಂದು ಲೀಟರ್ ನೀರಿನಲ್ಲಿ ಕದಡುತ್ತಾರೆ. ಪುಡಿಯನ್ನು ಒಮ್ಮೆಗೇ ಸುರಿದರೆ ಹೊರಗೆ ನೆನೆದು ಒಳಗೆ ಒಣಗಿದ ಗಂಟುಗಳಾಗುತ್ತವೆ, ಅಲ್ಲಿಗೆ ಕಿಣ್ವ ಹೋಗದು. ಆದ್ದರಿಂದ ತಿರುಗಿಸುತ್ತ ಸ್ವಲ್ಪಸ್ವಲ್ಪವೇ ಉದುರಿಸಬೇಕು. 55 ಡಿಗ್ರಿಗೆ ಬಿಸಿ ಮಾಡಿ, ಪಿಎಚ್ 8ಕ್ಕೆ ತಂದು, ನೂರು ಪಾಲು ಪ್ರೋಟೀನಿಗೆ ಒಂದು ಪಾಲಿನಂತೆ ಆಲ್ಕಲೇಸ್ ಎಂಬ ಬ್ಯಾಕ್ಟೀರಿಯಾ ಮೂಲದ ಕಿಣ್ವ ಹಾಕುತ್ತಾರೆ. ಕೊಂಡಿ ಕಳಚಿದಂತೆಲ್ಲ ಪಿಎಚ್ ಇಳಿಯುತ್ತದೆ. ಅದನ್ನು 8ರಲ್ಲೇ ಹಿಡಿದಿಡಲು ಕಾಸ್ಟಿಕ್ ಸೋಡಾ ಹನಿಹನಿಯಾಗಿ ಬೀಳುತ್ತಿರಬೇಕು. ಎಷ್ಟು ಸೋಡಾ ಖರ್ಚಾಯಿತು ಎಂಬುದೇ ಎಷ್ಟು ಕೊಂಡಿ ಕಳಚಿತು ಎಂಬುದರ ಅಳತೆ. ಒಂದು ಗ್ರಾಂ ಕೇಸೀನಿನಲ್ಲಿ 8.2 ಮಿಲಿಸಮಾನದಷ್ಟು (ಕೊಂಡಿಗಳನ್ನು ಎಣಿಸುವ ರಸಾಯನಶಾಸ್ತ್ರದ ಮಾನ) ಕೊಂಡಿಗಳಿವೆ. ನೂರಕ್ಕೆ ಹತ್ತು ಕಳಚಬೇಕಾದರೆ 50 ಗ್ರಾಮಿಗೆ 41. ಪಿಎಚ್ 8ರಲ್ಲಿ ಪ್ರತಿ ಕೊಂಡಿಗೂ ಪೂರ್ತಿ ಸೋಡಾ ಬೇಡವಾದ್ದರಿಂದ 1 ನಾರ್ಮಲ್ (ಮಿಲಿಗೆ ಒಂದು ಮಿಲಿಸಮಾನ) ಸೋಡಾ ದ್ರಾವಣ 35ರಿಂದ 40 ಮಿಲಿ ಸಾಕು. ಅಲ್ಲಿಗೆ ಬಂದಾಗ 85–90 ಡಿಗ್ರಿಯಲ್ಲಿ ಹತ್ತು–ಹದಿನೈದು ನಿಮಿಷ ಕಾಯಿಸಿ ಕಿಣ್ವವನ್ನು ಸಾಯಿಸುತ್ತಾರೆ. ನಿಧಾನವಾಗಿ ಬಿಸಿಯೇರಿದರೆ 60–70 ಡಿಗ್ರಿಯ ನಡುವೆ ಕಿಣ್ವ ಇನ್ನೂ ಚುರುಕಾಗಿರುತ್ತದೆ. ಹತ್ತಕ್ಕೆ ನಿಲ್ಲಿಸಬೇಕೆಂದದ್ದು ಹನ್ನೆರಡು ದಾಟುತ್ತದೆ, ಬೇಕಾದ ತುಂಡೇ ಇನ್ನೆರಡಾಗುತ್ತದೆ. ಒಂದು ಸಲ ಬಂದ ಫಲ ಮತ್ತೊಂದು ಸಲ ಬಾರದಿರಲು ಇದೊಂದು ಸಾಮಾನ್ಯ ಕಾರಣ.

ಆ ಸೋಡಾವನ್ನು ಕೊನೆಗೆ ಹೈಡ್ರೋಕ್ಲೋರಿಕ್ ಆಮ್ಲದಿಂದ ತಟಸ್ಥಗೊಳಿಸಿದರೆ ಉಳಿಯುವುದು ಅಡುಗೆ ಉಪ್ಪು, 50 ಗ್ರಾಂ ಪ್ರೋಟೀನಿಗೆ ಎರಡು ಗ್ರಾಮಿನಷ್ಟು. ಬಿಪಿಗೆಂದು ಮಾಡಿದ ಪುಡಿಯಲ್ಲಿ ನೂರಕ್ಕೆ ನಾಲ್ಕು ಭಾಗ ಉಪ್ಪು. ನ್ಯಾನೋ ಶೋಧಕದಲ್ಲಿ ಹಾಯಿಸಿ ಅದನ್ನು ತೆಗೆಯಲೇಬೇಕು. ಪರೀಕ್ಷೆಗೂ ಇದು ಮುಖ್ಯ, ಏಕೆಂದರೆ ಬಿಪಿ ಏರಿಸುವ ಆ್ಯಂಜಿಯೋಟೆನ್ಸಿನ್ ಪರಿವರ್ತಕ ಕಿಣ್ವ, ವೈದ್ಯರ ಬಾಯಲ್ಲಿ 'ಏಸ್', ಕ್ಲೋರೈಡ್ ಪ್ರಮಾಣಕ್ಕೆ ತಕ್ಕಂತೆ ವೇಗ ಬದಲಿಸುತ್ತದೆ. ಮಾದರಿಯೊಳಗಿನ ಉಪ್ಪಿನ ಆಟವನ್ನು ಪೆಪ್ಟೈಡಿನ ಶಕ್ತಿ ಎಂದು ಓದಿಕೊಳ್ಳುವ ಅಪಾಯವಿದೆ.

ಇನ್ನೊಂದು ತಲೆನೋವು ಕಹಿ. ಬೀಟಾ ಕೇಸೀನಿನಲ್ಲಿ ನೀರಿಗೆ ಹೆದರುವ ಅಮೈನೋ ಆಮ್ಲಗಳೇ ಹೆಚ್ಚು. ಸರ ಮಡಿಚಿಕೊಂಡಿರುವಾಗ ಅವು ಒಳಗಿರುತ್ತವೆ, ತುಂಡಾದಾಗ ನಾಲಿಗೆಗೆ ತಗಲುತ್ತವೆ. ತುದಿಯಿಂದ ಒಂದೊಂದೇ ಮಣಿ ಕೀಳುವ ಕಿಣ್ವ ಹಾಕಿ ಕಹಿ ಕಳೆಯಬಹುದು, ಆದರೆ ಅದೇ ಕಿಣ್ವ ನಮಗೆ ಬೇಕಾದ ಪೆಪ್ಟೈಡನ್ನೂ ತಿನ್ನುತ್ತದೆ. ಇದ್ದಿಲಿನ ಪುಡಿಯಲ್ಲಿ ಸೋಸಿದರೆ ಕಹಿಯ ಜೊತೆಗೆ ಚಟುವಟಿಕೆಯ ಒಂದು ಭಾಗವೂ ಇದ್ದಿಲಿಗೇ ಅಂಟಿ ಹೋಗುತ್ತದೆ.

ಪೆಪ್ಟೈಡಿನ ಬಲ ಅಳೆಯುವುದು ಏಸ್ ಕಿಣ್ವವನ್ನು ಅರ್ಧ ತಡೆಯಲು ಎಷ್ಟು ಬೇಕು ಎಂಬ ಪ್ರಮಾಣದಿಂದ. ಜಪಾನಿನ ಕ್ಯಾಲ್ಪಿಸ್ ಕಂಪನಿಯ ಹುಳಿಹಾಲಿನಲ್ಲಿ 1995ರಲ್ಲಿ ನಾಕಮುರ ತಂಡ ಗುರುತಿಸಿದ, ಮೂರು ಮಣಿಯ ಎರಡು ತುಂಡುಗಳು ಈ ಕ್ಷೇತ್ರದ ಅತ್ಯಂತ ಹೆಸರಾದ ಜೋಡಿ: ವ್ಯಾಲೀನ್–ಪ್ರೋಲೀನ್–ಪ್ರೋಲೀನ್ ಮತ್ತು ಐಸೋಲ್ಯೂಸೀನ್–ಪ್ರೋಲೀನ್–ಪ್ರೋಲೀನ್. ಬೇಕಾದ ಪ್ರಮಾಣ ಮೊದಲನೆಯದಕ್ಕೆ 9 ಮೈಕ್ರೋಮೋಲಾರ್, ಎರಡನೆಯದಕ್ಕೆ 5. ಇದೇ ಕೆಲಸಕ್ಕೆ ಬಿಪಿಯ ಕ್ಯಾಪ್ಟೋಪ್ರಿಲ್ ಮಾತ್ರೆಗೆ ಸಾಕಾಗುವುದು ಸುಮಾರು 20 ನ್ಯಾನೋಮೋಲಾರ್ (ಸಾವಿರ ನ್ಯಾನೋ ಸೇರಿದರೆ ಒಂದು ಮೈಕ್ರೋ). ಅಂದರೆ ಮಾತ್ರೆಗಿಂತ ಪೆಪ್ಟೈಡ್ ಇನ್ನೂರು ಪಟ್ಟಿಗೂ ಹೆಚ್ಚು ದುರ್ಬಲ. ಆ ಮಾತ್ರೆಗೂ ಮೂಲ ಬ್ರೆಜಿಲ್‌ನ ಮಂಡಲ ಜಾತಿಯ ಹಾವಿನ ವಿಷದ ಪೆಪ್ಟೈಡ್. ಪೆಪ್ಟೈಡಿನಿಂದ ಔಷಧ ಹುಟ್ಟುವುದು ಸಾಧ್ಯ, ಆದರೆ ಅದಕ್ಕೆ ಅಣುವಿನ ರಚನೆಯನ್ನೇ ಬದಲಿಸಬೇಕಾಯಿತು.

ಈ ಜೋಡಿ ಎರಡನೇ ಪ್ರಶ್ನೆಯನ್ನು ಒಂದು ಮಟ್ಟಿಗೆ ದಾಟುತ್ತದೆ. ಕೊನೆಯ ಎರಡು ಪ್ರೋಲೀನ್‌ಗಳಿಂದಾಗಿ ಜೀರ್ಣರಸಕ್ಕೆ ಬೇಗ ಬಗ್ಗುವುದಿಲ್ಲ. ಸೋಲುವುದು ಮೂರನೆಯದರಲ್ಲಿ. ಕುಡಿದ ಮೇಲೆ ಮನುಷ್ಯರ ರಕ್ತದಲ್ಲಿ ಅಳೆದಾಗ ಸಿಕ್ಕದ್ದು ಒಂದು ನ್ಯಾನೋಮೋಲಾರ್ ಆಸುಪಾಸು, ಏಸ್ ತಡೆಯಲು ಬೇಕಾದದ್ದಕ್ಕಿಂತ ಸಾವಿರಾರು ಪಟ್ಟು ಕಡಿಮೆ. ಆದರೂ ಜಪಾನಿನ ಪರೀಕ್ಷೆಗಳಲ್ಲಿ ಬಿಪಿ ಇಳಿಯಿತು. 1996ರಲ್ಲಿ ಪ್ರಕಟವಾದ ಒಂದರಲ್ಲಿ, ದಿನಕ್ಕೆ 95 ಮಿಲಿ ಹುಳಿಹಾಲು ಕುಡಿದ ವೃದ್ಧರಲ್ಲಿ ಎಂಟು ವಾರಕ್ಕೆ ಮೇಲಿನ ಬಿಪಿ 14 ಅಂಕ ಇಳಿದಿತ್ತು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಏಷ್ಯಾದವರಲ್ಲಿ ಇಳಿಕೆ 7 ಅಂಕದಷ್ಟು, ಯುರೋಪಿನವರಲ್ಲಿ ಒಂದು ಅಂಕಕ್ಕಿಂತ ತುಸು ಹೆಚ್ಚು. ಜಪಾನಿನಲ್ಲಿ ಇಂಥ ಪಾನೀಯ ವಿಶೇಷ ಆರೋಗ್ಯ ಆಹಾರದ ಮುದ್ರೆಯೊಂದಿಗೆ ಮಾರಾಟವಾಗುತ್ತದೆ. ಯುರೋಪಿನ ಪ್ರಾಧಿಕಾರ 2012ರಲ್ಲಿ ಅದೇ ಮಾತನ್ನು ಚೀಟಿಯ ಮೇಲೆ ಬರೆಯಲು ಒಪ್ಪಲಿಲ್ಲ, ಬಿಪಿಗೂ ಇದಕ್ಕೂ ನಂಟು ಸ್ಥಾಪಿತವಾಗಿಲ್ಲ ಎಂದಿತು. ಒಂದೇ ಜೋಡಿಯ ಬಗ್ಗೆ ಎರಡು ಕಡೆಯ ತೀರ್ಪು ಬೇರೆ. ಯುರೋಪಿನದೇ ಹೆಚ್ಚು ಸರಿ ಎಂದು ತೋರುತ್ತದೆ, ಏಕೆಂದರೆ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಕೊಡುವ ವಿವರಣೆ ರಕ್ತದಲ್ಲಿ ಸಿಗುವ ಪ್ರಮಾಣದೊಂದಿಗೆ ಹೊಂದುವುದಿಲ್ಲ. ಬಿಪಿ ಮಾತ್ರೆ ನುಂಗುವವರು ಯಾವ ಹಾಲಿನ ಪುಡಿಯನ್ನೂ ನೆಚ್ಚಿ ಅದನ್ನು ನಿಲ್ಲಿಸಬಾರದು.

ನಮ್ಮ ಮನೆಯ ಮೊಸರಿಗೂ ಇದೇ ಶಕ್ತಿ ಇದೆ ಎಂಬ ಬರಹಗಳು ಹರಿದಾಡುತ್ತವೆ. ಕ್ಯಾಲ್ಪಿಸ್‌ನಲ್ಲಿದ್ದದ್ದು ಲ್ಯಾಕ್ಟೋಬ್ಯಾಸಿಲಸ್ ಹೆಲ್ವೆಟಿಕಸ್, ಕೇಸೀನನ್ನು ಕತ್ತರಿಸುವುದರಲ್ಲಿ ಹಾಲಿನ ಬ್ಯಾಕ್ಟೀರಿಯಾಗಳಲ್ಲೇ ಎತ್ತಿದ ಕೈ. ನಮ್ಮ ಹೆಪ್ಪಿನಲ್ಲಿ ಯಾವುದಿದೆ ಎಂಬುದು ಮನೆಯಿಂದ ಮನೆಗೆ ಬೇರೆ. ರಾತ್ರಿ ಹೆಪ್ಪು ಹಾಕಿ ಬೆಳಗ್ಗೆ ತೆಗೆಯುವ ಮೊಸರಿನಲ್ಲಿ ಕೇಸೀನಿನ ಒಂದು ಚಿಕ್ಕ ಪಾಲು ಮಾತ್ರ ಪೆಪ್ಟೈಡ್ ಆಗಿರುತ್ತದೆ. ಮೊಸರು ಒಳ್ಳೆಯದು, ಆದರೆ ಅದಕ್ಕೆ ಕಾರಣಗಳು ಬೇರೆ.

ರಕ್ತಕ್ಕೆ ಹೋಗಬೇಕಿಲ್ಲದ ಪೆಪ್ಟೈಡುಗಳು

ಹಾಲಿನ ಪೆಪ್ಟೈಡುಗಳಲ್ಲಿ ನಿಜಕ್ಕೂ ಗೆದ್ದವು ಯಾವುವು ಎಂದು ಹುಡುಕಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಅವುಗಳಿಗೆ ಕರುಳು ದಾಟುವ ಕಷ್ಟವೇ ಇಲ್ಲ.

ಮೊದಲನೆಯದು ಹಲ್ಲಿನ ಮೇಲೆ ಕೆಲಸ ಮಾಡುವಂಥದ್ದು. ಕೇಸೀನಿನ ಕೆಲವು ತುಂಡುಗಳಲ್ಲಿ ರಂಜಕ ಹೊತ್ತ ಮೂರು ಸೆರೀನ್‌ಗಳು ಒಂದರ ಪಕ್ಕ ಒಂದು ಕೂತಿವೆ. ಅವು ಕ್ಯಾಲ್ಸಿಯಂ ಮತ್ತು ಫಾಸ್ಫೇಟನ್ನು ಹರಳುಗಟ್ಟಲು ಬಿಡದೆ ಹಿಡಿದಿಡುತ್ತವೆ. ಮೆಲ್ಬರ್ನ್ ವಿಶ್ವವಿದ್ಯಾಲಯದ ಎರಿಕ್ ರೆನಾಲ್ಡ್ಸ್ ಇವನ್ನು ಹಲ್ಲಿಗೆ ಬಳಿಯುವ ಮುಲಾಮಿಗೆ ತಂದರು. ಹುಳುಕು ಆರಂಭವಾಗಿ ಬಿಳಿ ಮಚ್ಚೆ ಕಂಡ ಹಂತದಲ್ಲಿ ಎನಾಮಲ್‌ಗೆ ಖನಿಜ ಮರಳಿಸಲು ದಂತವೈದ್ಯರು ಇದನ್ನು ಬಳಸುತ್ತಾರೆ. ಫ್ಲೋರೈಡ್ ಪೇಸ್ಟಿನ ಜಾಗಕ್ಕೆ ಇದಲ್ಲ, ಅದರ ಜೊತೆಗೆ. ಹಾಲಿನ ಅಲರ್ಜಿ ಇರುವವರು ಮುಟ್ಟಬಾರದು.

ಎರಡನೆಯದು ಗ್ಲೈಕೋಮ್ಯಾಕ್ರೋಪೆಪ್ಟೈಡ್. ಚೀಸ್ ಮಾಡಲು ಹಾಕುವ ರೆನೆಟ್ ಕಿಣ್ವ ಕಪ್ಪಾ ಕೇಸೀನನ್ನು ಸರಿಯಾಗಿ 105 ಮತ್ತು 106ನೇ ಮಣಿಗಳ ನಡುವೆ ಕತ್ತರಿಸುತ್ತದೆ. 106ರಿಂದ 169ರವರೆಗಿನ ತುಂಡು ತಿಳಿನೀರಿಗೆ ಹೋಗುತ್ತದೆ. ಅದರಲ್ಲಿ ಫಿನೈಲ್ ಅಲನೀನ್ ಇಲ್ಲ. ಫಿನೈಲ್ ಕೀಟೋನ್ಯೂರಿಯಾ ಎಂಬ ಹುಟ್ಟುರೋಗದ ಮಕ್ಕಳಿಗೆ ಆ ಒಂದು ಅಮೈನೋ ಆಮ್ಲವೇ ಮೆದುಳಿಗೆ ವಿಷ. ಅವರಿಗೆ ಬೇಕಾದ ಪ್ರೋಟೀನನ್ನು ಬಾಯಿಗೆ ಹಿಡಿಸುವ ರುಚಿಯಲ್ಲಿ ಕೊಡಲು ಇದು ನೆರವಾಗಿದೆ. ಟೈರೋಸೀನ್, ಟ್ರಿಪ್ಟೋಫ್ಯಾನ್ ಕೂಡ ಇದರಲ್ಲಿ ಇಲ್ಲದ್ದರಿಂದ ಅವನ್ನು ಬೆರೆಸಿದ, ವೈದ್ಯರು ಗೊತ್ತುಮಾಡಿದ ಆಹಾರವಾಗಿಯೇ ಕೊಡಬೇಕು.

ಮೂರನೆಯದು ಹಾಲಿನ ಅಲರ್ಜಿ ಇರುವ ಶಿಶುಗಳ ಪುಡಿ. ಪ್ರೋಟೀನನ್ನು ಅಲರ್ಜಿಯ ಪ್ರತಿಕಾಯಗಳು ಗುರುತಿಸಲಾರದಷ್ಟು ಚಿಕ್ಕದಾಗಿ ಒಡೆದಿರುತ್ತಾರೆ. ಡಬ್ಬಿಯ ಮೇಲೆ 'ಭಾಗಶಃ ಒಡೆದ' ಎಂದಿದ್ದರೆ ಅದು ಅಲರ್ಜಿಯ ಮಗುವಿಗೆ ಅಲ್ಲ. 'ವ್ಯಾಪಕವಾಗಿ ಒಡೆದ' ಎಂಬುದೇ ಬೇಕು.

ಗ್ಲೈಕೋಮ್ಯಾಕ್ರೋಪೆಪ್ಟೈಡಿನ ಸುದ್ದಿ ಓದಿ ಪನೀರ್ ನೀರಿನಿಂದ ಅದನ್ನು ತೆಗೆಯುವ ಯೋಜನೆ ಹಾಕುವ ಸಣ್ಣ ಘಟಕಗಳವರು ಒಂದು ವಿಷಯ ತಿಳಿದಿರಬೇಕು. ಪನೀರಿಗೆ ರೆನೆಟ್ ಹಾಕುವುದಿಲ್ಲ, ಸಿಟ್ರಿಕ್ ಆಮ್ಲ ಹಾಕುತ್ತೇವೆ. ಕಪ್ಪಾ ಕೇಸೀನ್ ಕತ್ತರಿಸಲ್ಪಡದೆ ಪನೀರಿನಲ್ಲೇ ಉಳಿಯುತ್ತದೆ, ನೀರಿನಲ್ಲಿ ಆ ಪೆಪ್ಟೈಡ್ ಇಲ್ಲ. ಅಷ್ಟೇ ಅಲ್ಲ, ಹಾಲನ್ನು 90 ಡಿಗ್ರಿಗೆ ಕಾಯಿಸಿದಾಗ ಬೀಟಾ ಲ್ಯಾಕ್ಟೋಗ್ಲಾಬ್ಯುಲಿನ್ ಬಿಚ್ಚಿಕೊಂಡು ಕಪ್ಪಾ ಕೇಸೀನಿಗೆ ಅಂಟಿ ಅದೂ ಪನೀರು ಸೇರುತ್ತದೆ. ಹತ್ತು ಲೀಟರ್ ಹಾಲಿನಿಂದ ಉಳಿಯುವ ಎಂಟು ಲೀಟರ್ ನೀರಿನಲ್ಲಿ ಪ್ರೋಟೀನು 30 ಗ್ರಾಂ ಆಸುಪಾಸು, ಲ್ಯಾಕ್ಟೋಸ್ 400 ಗ್ರಾಂ. ಇಷ್ಟಕ್ಕೆ ಶೋಧಕ ಯಂತ್ರ ಕೊಂಡರೆ ಕೈ ಕಚ್ಚುತ್ತದೆ. ಆ ನೀರಿನ ಸಂಪತ್ತು ಸಕ್ಕರೆ, ಪ್ರೋಟೀನಲ್ಲ. ಹಣ್ಣಿನ ರಸ ಬೆರೆಸಿದ ಪಾನೀಯಕ್ಕೆ, ಬ್ರೆಡ್ಡು–ಚಪಾತಿ ಹಿಟ್ಟು ಕಲಸಲು ಅದು ಸರಿಹೋಗುತ್ತದೆ. ರೆನೆಟ್ ಹಾಕಿದ ಚೀಸಿನ ನೀರಿನಲ್ಲಾದರೆ ಪ್ರೋಟೀನಿನ ನೂರಕ್ಕೆ 15ರಿಂದ 20 ಭಾಗ ಈ ಪೆಪ್ಟೈಡೇ. ಹೂಡಿಕೆ ಮಾಡುವುದಿದ್ದರೆ ಅಲ್ಲಿ.

ಪ್ರಾಧಿಕಾರ ಹಿಂದಕ್ಕೆ ಪಡೆದ ಪತ್ರದ ಬದಲಿಗೆ ಎಂಥ ನಿಯಮ ಬೇಕು? ತುಪ್ಪ, ಬೆಣ್ಣೆಎಣ್ಣೆಗಳ ಮೇಲೆ ಎ2 ಎಂಬ ಮಾತನ್ನು ನಿಲ್ಲಿಸಲು ಯಾವ ಸಮಾಲೋಚನೆಯೂ ಬೇಕಿಲ್ಲ. ಹಾಲಿನ ಮೇಲೆ ಬರೆಯಲು ಬಿಡುವುದಾದರೆ ಅದನ್ನು ಹಾಲಿನ ಗುಣವರ್ಣನೆಯಾಗಿ ಮಾತ್ರ ಬಿಡಬೇಕು, ಆರೋಗ್ಯದ ಭರವಸೆಯಾಗಿ ಅಲ್ಲ. ಹಸುಗಳ ಜೀನು ಪರೀಕ್ಷೆಯ ದಾಖಲೆ ಜೊತೆಗೆ ಪ್ಯಾಕೆಟ್ಟಿನ ಹಾಲನ್ನೇ ಎತ್ತಿ ಪರೀಕ್ಷಿಸಬೇಕು. ಬೀಟಾ ಕೇಸೀನಿನ ಎರಡು ರೂಪಗಳನ್ನು ಬೇರ್ಪಡಿಸಿ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರ್ ಯಂತ್ರಗಳು ದೇಶದ ದೊಡ್ಡ ಪ್ರಯೋಗಶಾಲೆಗಳಲ್ಲಿವೆ. ಎ1 ಎಷ್ಟರೊಳಗಿದ್ದರೆ ಎ2 ಎನ್ನಬಹುದು ಎಂಬ ಅಂಕಿಯನ್ನು ನಿಯಮದಲ್ಲೇ ಬರೆಯಬೇಕು. ನೂರಕ್ಕೆ ಒಂದು ಎಂದು ಬರೆದರೆ, ಐವತ್ತು ಎ2 ಹಸುಗಳ ಕೊಟ್ಟಿಗೆಗೆ ಒಂದೇ ಒಂದು ಮಿಶ್ರ ಹಸು ಸೇರಿದರೂ ಕ್ಯಾನು ಆ ಗೆರೆಯ ಅಂಚಿಗೆ ಬಂದು ನಿಲ್ಲುತ್ತದೆ.